ಒಂದು ಉಸಿರಿನ ಒಡಪು

ಹದಿನಾಲ್ಕು ದಿನ ಮನೆಯೊಳಗೇ ಇರುತ್ತೇನೆ. ಆಸ್ಪತ್ರೆಯ ಹೊಸ್ತಿಲು ತುಳಿಯದೆಯೇ ಈ ಮಹಾಮಾರಿಯನ್ನು ಬಂದ ದಾರಿಯಲ್ಲೇ ಅಟ್ಟುತ್ತೇನೆ. ಅಷ್ಟೂ ದಿನ ಒಂದೇ ಒಂದು ಸುಳ್ಳು ನುಡಿಯುವುದಿಲ್ಲ! ಹೀಗೆಂದು ದೇವರ ಜಗುಲಿಯ ಮುಂದೆ ನಿಂತು, ಹಣೆಗೆ ಮೂರು ಬೆರಳ ವಿಭೂತಿ ಧರಿಸಿ, ನಾನು ಸಂಕಲ್ಪ ಮಾಡಿದೆ. ಸಂಕಲ್ಪದ ನಡುವೆ ಎರಡು ಸಲ ಕೆಮ್ಮು ಬಂತು. ಒಳಗಿನಿಂದ ನನ್ನ ಧರ್ಮಪತ್ನಿ ಗುರುಸಿದ್ದವ್ವನ ದನಿ ಬಂತು.

"ಮದಲ ಕೆಮ್ಮ ಮುಗಸ್ರಿ. ಆಮ್ಯಾಲೆ ಸಂಕಲ್ಪ ಮಾಡೀರಂತ."

ನಾನು ಡಂಬಳದವನು. ಹೊಟ್ಟೆಪಾಡಿಗೆ ಭಾಂಡೆ ಅಂಗಡಿ, ಆತ್ಮದ ಪಾಡಿಗೆ ಪ್ರವಚನ. ಮೂವತ್ತೊಂದು ಶ್ರಾವಣಗಳಿಂದ ಸುತ್ತಲಿನ ಊರುಗಳಲ್ಲಿ ಭಗವಂತನ ಮಾತು ಹೇಳುತ್ತ ಬಂದಿದ್ದೇನೆ. ನನಗೆ ಮೈಕು ಬೇಡ. ನಮ್ಮ ಕೆರೆಯ ಏರಿಯ ಮೇಲೆ ನಿಂತು ನಾನು ಬಾಯಿ ತೆರೆದರೆ ಆಚೆ ದಂಡೆಯ ಎಮ್ಮೆಗಳು ಮೇವು ಬಿಟ್ಟು ತಲೆಯೆತ್ತುತ್ತವೆ!

ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಕೊರೆಯುವ ಯಂತ್ರವೊಂದಿದೆ. ಆ ಯಂತ್ರ ಬಂದ ಹೊಸದರಲ್ಲಿ ಉತ್ಸಾಹ ತಡೆಯಲಾರದೆ ಮನೆಯ ಕೊಡ, ತಂಬಿಗೆ, ತಾಟು, ಚಮಚಗಳ ಮೇಲೆಲ್ಲ 'ನಿಜಲಿಂಗಪ್ಪ' ಎಂದು ಕೊರೆದುಬಿಟ್ಟೆ. ಗುರುಸಿದ್ದವ್ವ ಆ ಹೆಸರನ್ನು ದಿನಕ್ಕೆರಡು ಸಲ ಬೂದಿ ಹಚ್ಚಿ ತಿಕ್ಕಿ ತೊಳೆಯುತ್ತಾಳೆ; ಆದರೆ ಮೂವತ್ತಾರು ವರ್ಷಗಳ ದಾಂಪತ್ಯದಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಒಡಪಿನಲ್ಲಿ ಮಾತ್ರ. ಗಂಡನ ಹೆಸರನ್ನು ಬರಿದೇ ಹೇಳದೆ ಪದ್ಯದೊಳಗೆ ಪೋಣಿಸಿ ಹೇಳುವುದು ನಮ್ಮ ಹೆಣ್ಣುಮಕ್ಕಳ ರೂಢಿಯಷ್ಟೆ? ಮದುವೆಯ ದಿನ, ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಪಟ್ಟು ಹಿಡಿದಾಗ, ಅವಳು ತಲೆ ತಗ್ಗಿಸಿ ಒಂದೇ ಉಸಿರಿನಲ್ಲಿ ಹೇಳಿದ್ದಳು:

"ಹಿತ್ತಾಳಿ ಕೊಡದಾಗ ತುಂಬೀನಿ ನೀರ,
ಕಂಚಿನ ತಾಟಿನ್ಯಾಗ ಬಡಿಸೀನಿ ಸಾರ,
ನಿಜಲಿಂಗಪ್ಪನವರ ಮಾತ ನನ್ನ ಕೊರಳಾಗಿನ ಹಾರ."

ನನ್ನ ಮಾತು ಅವಳ ಕೊರಳಿನ ಹಾರ! ಅಂದಿನಿಂದ ಇಂದಿನವರೆಗೆ ಆ ಹಾರಕ್ಕೆ ನಾನು ಒಂದೇ ಸಮನೆ ಹೂ ಪೋಣಿಸುತ್ತಲೇ ಬಂದೆ. ಕೊರಳಿಗೆ ಭಾರವಾದೀತೆಂಬ ವಿಚಾರವೇ ಬರಲಿಲ್ಲ.

ಕಾಯಿಲೆ ಮನೆಗೆ ಬಂದದ್ದು ನನ್ನ ಕಾಲ್ಗುಣದಿಂದ. ಎರಡನೆಯ ಅಲೆಯ ದಿನಗಳು. ಗುಂಪುಗೂಡಬೇಡಿರೆಂದು ಸರಕಾರ ಡಂಗುರ ಸಾರುತ್ತಿತ್ತು. "ಹನ್ನೆರಡು ಮಂದಿ ಗುಂಪಲ್ಲ, ಸತ್ಸಂಗ!" ಎಂದು ವಾದಿಸಿ ನಾನು ಹಿರೇವಡ್ಡಟ್ಟಿಯ ಒಂದು ಮನೆಯಲ್ಲಿ ಪ್ರವಚನ ಮಾಡಿ ಬಂದೆ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕುಳಿತಿದ್ದವನು ನನ್ನ ಇಪ್ಪತ್ತು ವರ್ಷದ ಜೊತೆಗಾರ ಪುಂಡಲೀಕಪ್ಪ. ಅವನು ಅಂದು ಮೂರು ಸಲ ಕೆಮ್ಮಿದ. ನಾಲ್ಕನೆಯ ದಿನ ಅವನನ್ನು ಗದಗಿಗೆ ಒಯ್ದರು. ಏಳನೆಯ ದಿನ ಅವನು ಪ್ಲಾಸ್ಟಿಕ್ಕಿನ ಚೀಲದೊಳಗಿದ್ದ. ಹೆಂಡತಿ ಮಕ್ಕಳು ನಾಲ್ಕು ಮಾರು ದೂರ ನಿಂತು ನೋಡಿದರು. ಮುಖ ಕಾಣಲಿಲ್ಲ, ಚೀಲದ ಮೇಲೆ ಅಂಟಿಸಿದ ಚೀಟಿಯಲ್ಲಿ ಹೆಸರಿತ್ತು, ಅಷ್ಟೇ.

ಅಂದೇ ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆದು ಕುಳಿತಿತು: ಆಸ್ಪತ್ರೆಗೆ ಹೋಗುವ ಬಾಗಿಲಿದೆ, ಬರುವ ಬಾಗಿಲಿಲ್ಲ. ಓದುಗ ಬಂಧುಗಳೇ, ಮೇಲೆ ಹೇಳಿದ ನನ್ನ ಘನವಾದ ಸಂಕಲ್ಪವಿದೆಯಲ್ಲ, ಅದು ಜರತಾರಿ ಶಾಲು ಹೊದ್ದ ಭಯ. ಶಾಲು ನನಗೆ ಬಹಳ ಒಪ್ಪುತ್ತಿತ್ತಾದ್ದರಿಂದ ಒಳಗೇನಿದೆಯೆಂದು ಯಾರೂ ಕೇಳಲಿಲ್ಲ.

ನಮ್ಮಿಬ್ಬರ ತಪಾಸಣೆಯೂ ಆಗಿ, ಇಬ್ಬರಿಗೂ ಸೋಂಕು ಇದೆಯೆಂದು ಬಂದು, ಬಾಗಿಲಿಗೆ ಕೆಂಪು ಚೀಟಿ ಬಿತ್ತು. ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಒಂದು ಚೀಲವಿಟ್ಟು ದೂರ ಸರಿದು ನಿಂತಳು. ಅದರಲ್ಲಿ ಗುಳಿಗೆ, ಜ್ವರ ನೋಡುವ ಕಡ್ಡಿ, ಬೆರಳಿಗೆ ಕಚ್ಚಿಸಿದರೆ ರಕ್ತದೊಳಗಿನ ಆಮ್ಲಜನಕವನ್ನು ಅಂಕಿಯಲ್ಲಿ ಹೇಳುವ ಪುಟ್ಟ ಆಕ್ಸಿಮೀಟರ್. "ತೊಂಬತ್ನಾಲ್ಕಕಿಂತ ಕೆಳಗ ಬಂದ್ರ ಜಲ್ದಿ ಹೇಳ್ರಿ. ಗದಗದಿಂದ ಸಿಸ್ಟರ್ ದಿನಾ ಎರಡ ಸಲ ಫೋನ್ ಮಾಡ್ತಾರ" ಎಂದು ಹೇಳಿ ಹೋದಳು.

ಆ ಯಂತ್ರವನ್ನು ನಾನು ಭಕ್ತಿಯಿಂದ ಜಗುಲಿಯ ಮೇಲಿಟ್ಟೆ. ಅಷ್ಟಕ್ಕೇ ಬಿಡದೆ ಅದಕ್ಕೆ ವಿಭೂತಿಯನ್ನೂ ಹಚ್ಚಿದೆ! ಅದರ ಬೆಳಕಿನ ಕಣ್ಣಿಗೆ ಬೂದಿ ಬಿದ್ದು, ನನ್ನ ಬೆರಳಿಗೆ ಹಾಕಿದರೆ ಅಂಕಿಯ ಬದಲು ಎರಡು ಗೆರೆ ಬಂದವು.

"ಹೋತ! ನಾ ಇಲ್ಲಂತ ತೋರಸಾಕತ್ತೈತಿ!" ಎಂದು ನಾನು ಹೌಹಾರಿದೆ.

ಗುರುಸಿದ್ದವ್ವ ಅದನ್ನು ಕಿತ್ತುಕೊಂಡು ಸೆರಗಿನಿಂದ ಒರೆಸಿದಳು. "ಇಷ್ಟ ಮಾತಾಡಾವ್ರು ಇಲ್ಲದಂಗ ಹೆಂಗ ಆಗ್ತೀರಿ? ಕಣ್ಣಿಗೆ ಬೂದಿ ಹಚ್ಚಿದ್ರ ಅದರ ಏನ್ ನೋಡೀತು! ತಗೋರಿ."

ತೊಂಬತ್ತೇಳು! ನನ್ನ ಎದೆ ಉಬ್ಬಿತು. ಅವಳದು ತೊಂಬತ್ತೈದು. "ನನ್ನಕಿಂತ ಎರಡ ಮಾರ್ಕ ಕಡಿಮಿ" ಎಂದೆ. "ಸಾಲಿ ಕಲಿತವರು ನೀವಲ್ಲೇನ್ರಿ" ಎಂದು ಒಲೆಯ ಮುಂದೆ ಹೋದಳು.

ಹತ್ತು ಗಂಟೆಗೆ ಫೋನು ಬಂತು.

"ನಮಸ್ಕಾರ್ರಿ. ಗದಗದಿಂದ ಸಿಸ್ಟರ್ ಯಾಸ್ಮೀನ ಮಾತಾಡಾಕತ್ತೇನ್ರಿ. ನಿಮ್ಮ ಮನ್ಯಾಗ ಇಬ್ರು ಪೇಷಂಟ್ ಅದೀರಿ, ಹೌದಿಲ್ರಿ?"

"ಪೇಷಂಟ್ ಅನಬ್ಯಾಡ ತಂಗಿ. ಬ್ಯಾನಿ ದೇಹಕ್ಕ, ಆತ್ಮಕ್ಕಲ್ಲ."

"ಆತ್ರಿ ಕಾಕಾರ. ದೇಹದ ಜ್ವರ ಎಷ್ಟೈತ್ರಿ?"

ಅಂಕಿಗಳನ್ನು ಹೇಳಿದೆ. ಅಂಕಿಗಳ ಜೊತೆಗೆ ದೇಹದ ನಶ್ವರತೆಯ ಕುರಿತು ಎರಡು ಮಾತನ್ನೂ ಹೇಳಿದೆ. ಆಕೆ ತಡೆಯಲಿಲ್ಲ. "ನೀವು ಪ್ರವಚನ ಹೇಳ್ತೀರೇನ್ರಿ ಕಾಕಾರ? ಹಂಗಾದ್ರ ಒಂದೀಟು ಹೇಳ್ರಿ. ನಡುವ ನಿಲ್ಲಬ್ಯಾಡ್ರಿ" ಎಂದಳು!

ಜೀವಮಾನದಲ್ಲಿ ನನ್ನನ್ನು ಯಾರೂ 'ನಡುವೆ ನಿಲ್ಲಬೇಡಿ' ಎಂದು ಬೇಡಿಕೊಂಡಿರಲಿಲ್ಲ. ನಾನು ಹೇಳಿದೆ. ಫೋನಿನಾಚೆ ಕಾಗದದ ಮೇಲೆ ಪೆನ್ನು ಓಡಾಡುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಬರೆದುಕೊಳ್ಳುತ್ತಿದ್ದಾಳೆ! ಕೊನೆಗೆ "ಭಾಳ ಚಲೋ ಐತ್ರಿ ಕಾಕಾರ. ಕಾಕಿಯರು ಹೆಂಗ ಅದಾರ್ರಿ?" ಎಂದು ಕೇಳಿದಳು.

"ಆಕಿ ಆರಾಮ ಅದಾಳ" ಎಂದೆ. ನಮ್ಮಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಕೇಳಿದ್ದು ಅವಳನ್ನು, ಹೇಳಿದ್ದು ನಾನು. ಅದೂ ನಮ್ಮಲ್ಲಿ ರೂಢಿಯೇ.

ಫೋನಿಟ್ಟವನೇ ಅಡುಗೆಮನೆಗೆ ಧಾವಿಸಿದೆ. "ಕೇಳಿದೇನ? ಗದಗದ ಸಿಸ್ಟರ್ ನನ್ನ ಮಾತು ಬರಕೊಳ್ಳಾಕತ್ತಾಳ! ಧರ್ಮ ಬ್ಯಾರೆ ಇದ್ರೂ ಜ್ಞಾನದ ಹಸಿವು ನೋಡ!"

"ಪಾಪ, ಆಕಿಗೆ ಪಗಾರ ಕೊಡತಾರ, ಕೇಳತಾಳ" ಎಂದಳು ಗುರುಸಿದ್ದವ್ವ, ರೊಟ್ಟಿ ಬಡಿಯುತ್ತ. "ನನಗ ಪಗಾರಿಲ್ಲ. ಈ ರೊಟ್ಟಿ ಸುಟ್ಟ ಮ್ಯಾಲೆ ನಾ ಎದ್ದ ಹೋಗತೇನಿ."

ಎರಡನೆಯ ದಿನ, ಮೂರನೆಯ ದಿನ, ಬೆಳಗ್ಗೆ ಹತ್ತಕ್ಕೆ, ಸಂಜೆ ಐದಕ್ಕೆ, ಪ್ರವಚನ ಸಾಂಗವಾಗಿ ನಡೆಯಿತು. ನನ್ನ ಜ್ವರ ಇಳಿಯಿತು, ದನಿ ಏರಿತು. ಆದರೆ ಮೂರನೆಯ ದಿನ ಸಂಜೆ ಗುರುಸಿದ್ದವ್ವನ ಬೆರಳಿಗೆ ಯಂತ್ರ ಹಾಕಿದಾಗ ತೊಂಬತ್ಮೂರು ಬಂತು.

"ಇದು ಖರೆ ಅಲ್ಲ" ಎಂದು ನಾನು ತೀರ್ಪು ಕೊಟ್ಟೆ. "ಮೂವತ್ತಾರು ವರ್ಷ ರೊಟ್ಟಿ ಬಡದ ಬೆರಳು ಇದು. ಚರ್ಮ ದಪ್ಪಾಗೇತಿ. ಇದರ ಬೆಳಕು ಒಳಗ ಹೋಗವಲ್ದು."

ಅವಳು ಕೈ ತೊಳೆದು, ಸೆರಗಿಗೆ ಒರೆಸಿ, ಬೆರಳನ್ನು ಬಿಸಿ ಮಾಡಿಕೊಂಡು ಮತ್ತೆ ಚಾಚಿದಳು. ತೊಂಬತ್ತೆರಡು.

ಅಷ್ಟರಲ್ಲಿ ಫೋನು ರಿಂಗಾಯಿತು. ನನ್ನ ಕಣ್ಣ ಮುಂದೆ ಪುಂಡಲೀಕಪ್ಪನ ಚೀಲ, ಅದರ ಮೇಲಿನ ಚೀಟಿ. ನಾನು ಯಂತ್ರವನ್ನು ಅವಳ ಬೆರಳಿನಿಂದ ತೆಗೆದು ನನ್ನ ಬೆರಳಿಗೆ ಹಾಕಿಕೊಂಡೆ. ಅದು ತನ್ನ ಧರ್ಮದಂತೆ ತೊಂಬತ್ತೇಳು ತೋರಿಸಿತು.

"ನಮ್ದು ತೊಂಬತ್ತೇಳು, ತಂಗಿ" ಎಂದೆ.

"ಇಬ್ರದೂನ್ರಿ?"

"ಗಂಡ ಹೆಂಡ್ತಿ ಒಂದ ದೇಹ ಅಂತ ಶಾಸ್ತ್ರ ಹೇಳತೈತಿ..." ಎಂದು ಆರಂಭಿಸಿ, ಆ ವಿಷಯವನ್ನು ಹನ್ನೆರಡು ನಿಮಿಷ ವಿಸ್ತರಿಸಿದೆ.

ಫೋನಿಟ್ಟಾಗ ಗುರುಸಿದ್ದವ್ವ ನನ್ನನ್ನೇ ನೋಡುತ್ತಿದ್ದಳು. "ಸುಳ್ಳ ಹೇಳಂಗಿಲ್ಲ ಅಂದಿದ್ರಿ."

"ನಾ ಎಲ್ಲಿ ಸುಳ್ಳ ಹೇಳಿದೆ? ಕಂಡದ್ದನ್ನ ಓದಿದೆ!"

ಆಮೇಲೆ, ದನಿ ತಗ್ಗಿಸಿ, "ನಿನ್ನ ಅಲ್ಲಿಗೆ ಕಳಸಾಕ ನಾ ತಯಾರಿಲ್ಲ" ಎಂದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒಪ್ಪಿದಳೆಂದು ನಾನು ತಿಳಿದೆ. ಅವಳಿಗೆ ವಾದಿಸುವಷ್ಟು ಗಾಳಿ ಇರಲಿಲ್ಲ ಎಂಬುದು ಆಮೇಲೆ ತಿಳಿದ ವಿಷಯ.

ಇಲ್ಲಿಂದ ಮುಂದಿನದು ನನ್ನ ತಪ್ಪೊಪ್ಪಿಗೆ. ಆದರೂ ನಗುವಂಥದ್ದು ಬಂದರೆ ನಗಿರಿ. ನಾನು ಅದಕ್ಕೆ ಅರ್ಹ.

ನಾಲ್ಕನೆಯ ದಿನ ನಾನು ಪ್ರವಚನ ಮುಗಿಸಿ ಒಳಗೆ ಬಂದರೆ, ಅವಳ ಕುಟುಕು ಮಾತು ಬರಲಿಲ್ಲ. "ಸಾಕ್ರಿ" ಎಂದಳು, ಅಷ್ಟೇ. ಐದನೆಯ ದಿನ "ಹೂಂ" ಎಂದಳು. ಆರನೆಯ ದಿನ ತಲೆಯಾಡಿಸಿದಳು. ಮೂವತ್ತಾರು ವರ್ಷಗಳಲ್ಲಿ ನನ್ನ ಯಾವ ಬೋಧೆಯೂ ಮಾಡಲಾಗದ್ದನ್ನು ಆರು ದಿನಗಳ ಏಕಾಂತ ಮಾಡಿತ್ತು: ಗುರುಸಿದ್ದವ್ವ ಮೌನವ್ರತ ಹಿಡಿದಿದ್ದಳು! ನನ್ನ ವಾಣಿಯ ಪ್ರಭಾವವೇ ಪ್ರಭಾವ! ಜಗುಲಿಯ ಮುಂದೆ ನಿಂತು ಭಗವಂತನಿಗೆ ಧನ್ಯವಾದ ಹೇಳಿದೆ. ನೋಡಿ, ಎಂಥ ಮೂರ್ಖನ ಕೃತಜ್ಞತೆಯನ್ನು ಅವನು ಕೇಳಿಸಿಕೊಳ್ಳಬೇಕಾಯಿತು!

ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತ್ತು. ಪಕ್ಕದ ಮನೆಯ ಮಾಶಾಕ ಎರಡು ಹೊತ್ತೂ ಗೋಡೆಯ ಮೇಲೆ ಬುತ್ತಿ ಇಟ್ಟು ಹೋಗುತ್ತಿದ್ದ. ಅವನು ಗಾದಿ, ದಿಂಬು ಹೊಲಿಯುವವ. ಅವನ ತಲೆಗೂದಲಲ್ಲಿ ಸದಾ ಅರಳೆ. ಆರನೆಯ ದಿನ ಬುತ್ತಿ ಇಟ್ಟವನು ಹೋಗದೆ ನಿಂತ.

"ಅಣ್ಣಾರ, ಅಕ್ಕಾರ ದನಿ ಯಾಕೋ ಕೇಳವಲ್ದಲ್ರಿ? ಎರಡ ದಿನ ಆತು, ನಿಮ್ಮನ್ನ ಬೈದದ್ದ ಕೇಳಿಲ್ಲ."

"ಮೌನವ್ರತ, ಮಾಶಾಕ! ಮೌನ!"

"ಅಕ್ಕಾರ?" ಮಾಶಾಕ ಕೆಳಗೆ ನೋಡಿದ. ಮೇಲೆ ನೋಡಿದ. "ನಮ್ಮ ಅಕ್ಕಾರ?"

"ಸತ್ಸಂಗದ ಮಹಿಮಾ."

"ನನಗ್ಯಾಕೋ ಅಂಜಿಕಿ ಆಗಾಕತ್ತೈತ್ರಿ ಅಣ್ಣಾರ" ಎಂದು ಹೇಳಿ, ತಿರುತಿರುಗಿ ನೋಡುತ್ತ ಹೋದ. ಅರಳೆ ತಲೆಗೆ ತಿಳಿದದ್ದು ವಿಭೂತಿ ಹಣೆಗೆ ತಿಳಿಯಲಿಲ್ಲ.

ಏಳನೆಯ ದಿನ ಸಂಜೆ ಐದು ಗಂಟೆ. ಯಾಸ್ಮೀನಳ ಫೋನು ಬಂತು. ಆಕೆಯ ದನಿಯಲ್ಲಿ ಅಂದು ಏನೋ ದಣಿವಿತ್ತು. ನಾನು ಗಂಟಲು ಸರಿಪಡಿಸಿಕೊಂಡು ಸಿದ್ಧನಾದೆ.

"ಇವತ್ತ ಪ್ರವಚನ ಬ್ಯಾಡ್ರಿ ಕಾಕಾರ. ಕಾಕಿಯರಿಗೆ ಫೋನ್ ಕೊಡ್ರಿ."

"ಆಕಿ ಆರಾಮ ಅದಾಳ ತಂಗಿ. ಆಕಿದೇನೈತಿ, ನಾ ಹೇಳತೇನಿ."

"ಏಳ ದಿನ ಆತ್ರಿ. ಒಂದ ಸಲಾನೂ ಅವರ ದನಿ ಕೇಳಿಲ್ಲ ನಾನು."

"ಆಕಿ ಮಾತೂ ನಾನ ಆಡತೇನಿ, ಅದು ನಮ್ಮ ಮನಿ ಪದ್ಧತಿ."

"ಅವರ ಉಸಿರೂ ನೀವ ಆಡ್ತೀರೇನ್ರಿ?"

ಮೂವತ್ತೊಂದು ಶ್ರಾವಣಗಳಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಫೋನಿನ ಸ್ಪೀಕರ್ ಹಾಕಿ, ಗೋಡೆಗೆ ಒರಗಿ ಕುಳಿತಿದ್ದ ಗುರುಸಿದ್ದವ್ವನ ಮುಂದೆ ಹಿಡಿದೆ.

"ಕಾಕಿಯರ, ನಾ ಲಕ್ಷ್ಮೇಶ್ವರದಾಕಿ. ನಮ್ಮ ಓಣ್ಯಾಗ ಹೆಣಮಕ್ಕಳು ಭಾಳ ಚಂದ ಒಡಪ ಹಾಕ್ತಾರ. ನೀವೂ ಒಂದ ಹಾಕ್ರಿ. ಕಾಕಾರ ಹೆಸರ ಬರಬೇಕ ನೋಡ್ರಿ. ಒಂದ ಉಸಿರಿನ್ಯಾಗ."

ಗುರುಸಿದ್ದವ್ವನ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. ತುಟಿಗಳು ಅಲುಗಿದವು.

"ಹಿತ್ತಾಳಿ..." ಎಂದಳು. ನಿಂತಳು. "ಕೊಡದಾಗ..." ಮತ್ತೆ ನಿಂತಳು. ಹೆಗಲುಗಳು ಮೇಲೆದ್ದು ಇಳಿದವು. "ತುಂಬೀನಿ..."

ಮುಂದೆ ಬರಲಿಲ್ಲ.

ನಾನು ನಕ್ಕೆ! ಬಂಧುಗಳೇ, ನಾನು ಮನಸಾರೆ ನಕ್ಕೆ. "ನೋಡಿದೇನ ತಂಗಿ! ಐವತ್ತಾರು ವಯಸ್ಸು, ಮದುಮಗಳಂಗ ನಾಚಿಕಿ! ಗಂಡನ ಹೆಸರು ಬರೂ ಮೊದಲ ನಾಲಿಗಿ ತಡೀತೈತಿ. ಇದು ನಮ್ಮ ಹೆಣಮಕ್ಕಳ ಸಂಸ್ಕಾರ! ಈ ಲಜ್ಜೆ ಅನ್ನೂದು ಏನೈತಿ..."

"ಸುಮ್ನಿರ್ರಿ ಕಾಕಾರ!"

ಗದಗಿನಿಂದ ಬಂದ ಆ ಕೂಗಿಗೆ ನನ್ನ ಬಾಯಿ ತಾನಾಗಿ ಮುಚ್ಚಿತು.

"ಅದು ನಾಚಿಕಿ ಅಲ್ರಿ. ಅವರಿಗೆ ದಮ್ಮ ಸಾಲವಲ್ದು. ಮೂರ ಮಾತಿಗೆ ಮೂರ ಉಸಿರ ತಗೊಂಡ್ರು. ಮಶೀನ ಅವರ ಬೆರಳಿಗೆ ಹಾಕ್ರಿ. ಅವರ ಬೆರಳಿಗ್ರಿ! ನಂಬರ ಓದ್ರಿ. ಬ್ಯಾರೆ ಒಂದ ಮಾತು ಬ್ಯಾಡ."

ಹಾಕಿದೆ. ಅವಳ ಉಗುರುಗಳು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಆಗ ಮೊದಲ ಬಾರಿ ಕಂಡೆ. ಪ್ರಪಂಚಕ್ಕೆಲ್ಲ ಒಳಗಣ್ಣು ತೆರೆಯಿರೆಂದು ಹೇಳಿದವನಿಗೆ ಎದುರಿನ ಉಗುರು ಕಂಡಿರಲಿಲ್ಲ.

"ಎಂಬತ್ನಾಲ್ಕು."

"ಮುಂಜಾನಿ ತೊಂಬತ್ತೇಳ ಅಂದ್ರಿ?"

"ಅದು... ನನ್ನ ಬೆರಳು."

ಆಕೆ ಬೈಯಲಿಲ್ಲ. ಬೈದಿದ್ದರೆ ಪ್ರಾಯಶ್ಚಿತ್ತವಾದರೂ ಆರಂಭವಾಗುತ್ತಿತ್ತು. "ಅಂಬುಲೆನ್ಸ್ ಕಳಸಾಕ ಹೇಳೇನಿ. ಅದು ಬರೂತನಕ ಫೋನ್ ಇಡಬ್ಯಾಡ್ರಿ" ಎಂದಳು. "ಅವರನ್ನ ಬೋರಲ ಮಲಗಸ್ರಿ. ಎದಿ ಕೆಳಗ ಒಂದ ದಿಂಬು, ಹೊಟ್ಟಿ ಕೆಳಗ ಒಂದು, ಕಾಲಿನ ಕೆಳಗ ಒಂದು."

ನಮ್ಮ ಮನೆಯಲ್ಲಿ ದಿಂಬು ಎರಡೇ. ಅವೂ ನನ್ನ ತಲೆ ಹೊತ್ತು ಹೊತ್ತು ಹಪ್ಪಳವಾಗಿದ್ದವು. ಅಂಗಳಕ್ಕೆ ಓಡಿ "ಮಾಶಾಕ, ದಿಂಬು!" ಎಂದು ಕೂಗಿದೆ. ಕೆರೆಯಾಚೆಗೆ ಕೇಳಿಸುವ ಆ ನನ್ನ ಪ್ರಖ್ಯಾತ ದನಿ ಜೀವಮಾನದಲ್ಲಿ ಒಂದು ಉಪಯೋಗಕ್ಕೆ ಬಂದದ್ದು ಅಂದೇ. ಯಾವುದೋ ಮದುವೆಗೆಂದು ಹೊಲಿದಿಟ್ಟಿದ್ದ ಮೂರು ಹೊಸ ಗುಲಾಬಿ ದಿಂಬುಗಳು ಗೋಡೆ ಹಾರಿ ಬಂದು ಬಿದ್ದವು. ಗೋಡೆಯಾಚೆ ಮಾಶಾಕನೂ ಅವನ ಹೆಂಡತಿ ಜನ್ನತಬಿಯೂ ಕೈಯೆತ್ತಿ ದುವಾ ಮಾಡುತ್ತ ನಿಂತದ್ದು ಕಂಡಿತು.

ಒಂದೂವರೆ ಗಂಟೆ. ಆ ಒಂದೂವರೆ ಗಂಟೆ ಯಾಸ್ಮೀನ ಫೋನಿನಲ್ಲೇ ಇದ್ದಳು. ಐದು ನಿಮಿಷಕ್ಕೊಮ್ಮೆ "ಎಷ್ಟ್ರಿ?" ಎನ್ನುವಳು. ನಾನು ಓದುವೆ. ಎಂಬತ್ತಾರು. ಎಂಬತ್ತೈದು. ಎಂಬತ್ತೆಂಟು. ಎಂಬತ್ತೇಳು. ನಾನು ಜೀವಮಾನದಲ್ಲಿ ಮಾಡಿದ ಅತ್ಯಂತ ಚಿಕ್ಕ ಪ್ರವಚನ ಅದು. ಅದರಲ್ಲಿ ಮಾತ್ರ ಒಂದೂ ಸುಳ್ಳಿರಲಿಲ್ಲ.

ಅಂಬುಲೆನ್ಸ್ ಬಂತು. ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ಕು ತೊಟ್ಟ ಇಬ್ಬರು ಇಳಿದರು. ಪುಂಡಲೀಕಪ್ಪನನ್ನು ಹೊತ್ತವರೂ ಇದೇ ಉಡುಪಿನವರು. "ಪೇಷಂಟ್ ಒಬ್ಬರ ಬರಬೇಕ್ರಿ. ನೀವು ಬರಂಗಿಲ್ಲ" ಎಂದರು. ನಾನು ಒಂದು ಚೀಲದಲ್ಲಿ ಸೀರೆ, ತಾಟು, ಲೋಟ ತುಂಬಿದೆ.

"ಅಮ್ಮಾರ, ಗಂಡನ ಹೆಸರೇನ್ರಿ?" ಎಂದು ಅವರಲ್ಲೊಬ್ಬ ಕಾಗದ ಹಿಡಿದು ಕೇಳಿದ.

ನಾನು ಹೇಳಲು ಬಾಯಿ ತೆರೆದೆ. ಗುರುಸಿದ್ದವ್ವ ನನ್ನ ಕಡೆ ಕೈ ಅಡ್ಡ ಹಿಡಿದಳು. ಚೀಲದಿಂದ ಹಿತ್ತಾಳೆಯ ಲೋಟ ತೆಗೆದು, ಅದರ ಮೇಲೆ ಕೊರೆದ ಹೆಸರನ್ನು ಬೆರಳಿನಿಂದ ಅವನಿಗೆ ತೋರಿಸಿದಳು. ಅವನು ಓದಿ ಬರೆದುಕೊಂಡ. ಬಾಗಿಲು ಮುಚ್ಚಿತು.

ಗಾಡಿ ಗದಗಿನ ದಾರಿ ಹಿಡಿಯಿತು. ನಾನು ಜಗುಲಿಯ ಮುಂದೆ ಕುಳಿತೆ. ಅಂದು ಮಾಡಿದ ಪ್ರಾರ್ಥನೆಗೆ ಒಂದು ಶಬ್ದವೂ ಸಿಗಲಿಲ್ಲ. ಮೂವತ್ತೊಂದು ವರ್ಷ ಶಬ್ದಗಳನ್ನು ದುಂದು ಮಾಡಿದವನ ಕೈ ಬರಿದಾಗಿತ್ತು. ಭಗವಂತ ಅದನ್ನು ಪ್ರಾರ್ಥನೆಯೆಂದು ಲೆಕ್ಕಕ್ಕೆ ಹಿಡಿದನೋ ಇಲ್ಲವೋ ತಿಳಿಯದು.

ನನ್ನ ಏಕಾಂತದ ಅವಧಿ ಇನ್ನೂ ಏಳು ದಿನ ಉಳಿದಿತ್ತು. ಫೋನು ಮರುದಿನವೂ ಹತ್ತಕ್ಕೇ ಬಂತು.

"ಕಾಕಾರ, ಹೆಂಗ ಅದೀರಿ?"

"ಹೂಂ."

"ದಮ್ಮ ಹತ್ತತೈತೇನ್ರಿ?"

"ಇಲ್ಲ."

"ಒಂದೀಟು ಪ್ರವಚನ ಹೇಳ್ರಿ."

"ಬ್ಯಾಡ ತಂಗಿ. ನನ್ನ ಮಾತು ಇನ್ನ ಯಾರಿಗೂ ಬ್ಯಾಡ. ನೀ ಬರಕೊಂಡದ್ದನ್ನೂ ಹರದ ಹಾಕು."

"ಹೆಂಗ ಹರೀಲ್ರಿ? ಅದು ನಿಮ್ಮ ಚಾರ್ಟು."

"ಚಾರ್ಟು?"

ಆಕೆ ಮಗುವಿನ ಕಾಲಿನ ಮುಳ್ಳು ತೆಗೆಯುವವಳಂತೆ ಮೆತ್ತಗೆ ಹೇಳಿದಳು. "ನಾ ಪ್ರವಚನ ಕೇಳ್ತಿದ್ದಿಲ್ರಿ ಕಾಕಾರ. ನಿಮ್ಮ ಉಸಿರ ಕೇಳ್ತಿದ್ದೆ. ಫೋನ್ಯಾಗ ಎದಿಗೆ ಕಿವಿ ಹಚ್ಚಾಕ ಬರಂಗಿಲ್ಲಲ್ರಿ. ಅದಕ ಮಂದೀನ್ನ ಮಾತಾಡಸ್ತೇವಿ. ಒಂದ ಉಸಿರಿಗೆ ಎಷ್ಟ ಮಾತ ಬರ್ತಾವ ಅಂತ ಎಣಿಸಿ ಬರಕೋತೇವಿ. ಒಬ್ಬೊಬ್ರು ಹಾಡ ಹೇಳ್ತಾರ, ಒಬ್ಬೊಬ್ರು ಮಗ್ಗಿ ಹೇಳ್ತಾರ. ನೀವು ಪ್ರವಚನ ಹೇಳಿದ್ರಿ."

"ಚಲೋ ಐತ್ರಿ ಅಂದಿದ್ದಿ?"

"ದಮ್ಮ ಚಲೋ ಐತಿ ಅಂದೆ. ಮದಲನೇ ದಿನ ಹತ್ತೊಂಬತ್ತ ಮಾತು. ಆರನೇ ದಿನ ಇಪ್ಪತ್ತಾರ! ನನ್ನ ಕಡೆ ಅರವತ್ತ ಮಂದಿ ಅದಾರ, ನಿಮ್ಮಷ್ಟ ಗಟ್ಟಿ ಪುಪ್ಪುಸ ಯಾರಿಗೂ ಇಲ್ರಿ."

ಹೀಗೆ ನನ್ನ ಏಕೈಕ ಶಿಷ್ಯೆ ನನ್ನ ಕೈಬಿಟ್ಟಳು. ಮೂವತ್ತೊಂದು ವರ್ಷದ ನನ್ನ ಸಾಧನೆಯೆಲ್ಲ ಒಂದು ಜೊತೆ ಗಟ್ಟಿ ಪುಪ್ಪುಸವೆಂದು ಗದಗಿನಲ್ಲಿ ದಾಖಲಾಯಿತು!

"ಕಾಕಿಯರದ ಕೇಳಬೇಕಿತ್ರಿ ನಾನು. ಮದಲ ಕೇಳಬೇಕಿತ್ತು" ಎಂದಳು ಆಕೆ. "ನೀವು ಆರಾಮ ಅಂದ್ರಿ, ನಾ ನಂಬಿದೆ. ಅರವತ್ತ ನಂಬರ ಅದಾವ್ರಿ. ಇವತ್ತ ಮೂರ ಮನ್ಯಾಗ ಫೋನ್ ಎತ್ತಲಿಲ್ಲ." ಆಕೆಯ ದನಿ ಒಡೆಯಿತು. ಮರುಕ್ಷಣ ಸರಿಹೋಯಿತು. "ಹೇಳ್ರಿ ಕಾಕಾರ. ಏನರ ಹೇಳ್ರಿ. ನಡುವ ನಿಲ್ಲಬ್ಯಾಡ್ರಿ."

ನಾನು ಅಂಗಡಿಯಲ್ಲಿರುವ ಪಾತ್ರೆಗಳ ಹೆಸರು ಹೇಳಿದೆ. ಕೊಡ, ತಂಬಿಗೆ, ಹಂಡೆ, ಚರಗಿ, ತಾಟು. ಆಕೆ ಎಣಿಸಿದಳು.

ಆಸ್ಪತ್ರೆಯಿಂದ ದಿನಕ್ಕೊಂದು ಸಲ ಒಂದೇ ವಾಕ್ಯ ಬರುತ್ತಿತ್ತು: "ಆಕ್ಸಿಜನ್ ಮ್ಯಾಲೆ ಅದಾರ್ರಿ." ನಾಲ್ಕು ದಿನ ಅದೇ ವಾಕ್ಯ. ಐದನೆಯ ದಿನ ಆ ವಾಕ್ಯವೂ ಬರಲಿಲ್ಲ. ಅಂದು ನಾನು ಮನೆಯ ಪಾತ್ರೆಗಳನ್ನೆಲ್ಲ ತೆಗೆದು, ಬೂದಿ ಹಚ್ಚಿ, ನನ್ನ ಹೆಸರನ್ನು ನಾನೇ ತಿಕ್ಕಿ ತೊಳೆದೆ. ಎಷ್ಟು ತಿಕ್ಕಿದರೂ ಹೋಗದಷ್ಟು ಆಳವಾಗಿ ಕೊರೆದಿದ್ದೆ, ಪುಣ್ಯಾತ್ಮ! ಗೋಡೆಯಾಚೆ ಮಾಶಾಕ ನಿಂತಿದ್ದ. ಬುತ್ತಿ ಇಟ್ಟು, ಅಲ್ಲೇ ಕಟ್ಟೆಯ ಮೇಲೆ ಕುಳಿತ. ಸೂರ್ಯ ಮುಳುಗುವವರೆಗೂ ಏಳಲಿಲ್ಲ. ಮರುದಿನದಿಂದ ಮತ್ತೆ ಅದೇ ವಾಕ್ಯ ಬರತೊಡಗಿತು.

ಅವಳು ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ. ನನ್ನ ಏಕಾಂತ ಮುಗಿದು ಬಾಗಿಲಿನ ಕೆಂಪು ಚೀಟಿ ಕಿತ್ತಿದ್ದರು. ನನ್ನ ಹೆಸರು ಯಾಸ್ಮೀನಳ ಪಟ್ಟಿಯಿಂದ ತೆಗೆದಾಗಿತ್ತು. ಆದರೂ ಸಂಜೆ ಐದಕ್ಕೆ ಫೋನು ಬಂತು.

"ಕಾಕಾರ, ಇದು ಡ್ಯೂಟಿ ಫೋನ್ ಅಲ್ರಿ. ವಾರ್ಡಿನ್ಯಾಗ ನನ್ನ ಗೆಳತಿ ಸಬೀನಾ ಅದಾಳ. ಆಕಿ ಫೋನ್ ಕಾಕಿಯರ ಹಂತ್ಯಾಕ ಹಿಡದಾಳ. ನಾನೂ ಲೈನಿನ್ಯಾಗ ಇರತೇನಿ. ನೀವು ಮಾತ್ರ..."

"ಸುಮ್ಮನಿರತೇನಿ" ಎಂದೆ.

ಮೊದಲು ಗಾಳಿಯ ಸುಯ್ಯೆಂಬ ಸದ್ದು. ಯಾರೋ ದೂರದಲ್ಲಿ ಕೆಮ್ಮಿದರು. ಆಮೇಲೆ ಒಂದು ದನಿ. ಬಾವಿಯ ತಳದ ಕೊಡದಂಥದು, ಸವೆದದ್ದು, ಆದರೆ ಅವಳದೇ.

"ಬಾಜೂ ಕಾಟಿನಾಕಿ ಹೋದ್ಲ್ರಿ, ನಿನ್ನಿ. ನನ್ನ ತಲಿ ಬಾಚಿದ್ಲು."

ನಾನು ಏನೂ ಅನ್ನಲಿಲ್ಲ.

"ಊಟ ಮಾಡೀರೇನ್ರಿ?"

"ಹೂಂ."

"ಯಾಕ, ಮಾತ ಬರವಲ್ದೇನ? ದಮ್ಮ ಹತ್ತೈತೇನ ನಿಮಗ?" ಗಾಬರಿ ಅವಳ ದನಿಯಲ್ಲಿತ್ತು. ಸಾವಿನ ಹಾಸಿಗೆಗಳ ನಡುವೆ ಮಲಗಿದವಳು ನನ್ನ ಉಸಿರಿನ ಚಿಂತೆ ಮಾಡುತ್ತಿದ್ದಳು!

ಯಾಸ್ಮೀನ ನಡುವೆ ಬಂದಳು. "ಅವರು ಗಟ್ಟಿ ಅದಾರ್ರಿ ಕಾಕಿಯರ. ನಿಮ್ಮ ಪರೀಕ್ಷಾ ಅರ್ಧಕ್ಕ ನಿಂತಿತ್ತಲ್ರಿ, ಅದನ್ನ ಮುಗಸ್ರಿ. ಆದಷ್ಟು ಸಾಕು."

ನಾನು ಬೆರಳು ಮಡಚಿ ಎಣಿಸಲು ಸಿದ್ಧನಾದೆ. ಆ ಒಡಪಿನಲ್ಲಿ ಹದಿಮೂರು ಮಾತುಗಳು. ಅವಳಿಲ್ಲದ ಹನ್ನೊಂದು ದಿನಗಳಲ್ಲಿ ನಾನು ಅದನ್ನು ಎಣಿಸಿ ಎಣಿಸಿ ಬಾಯಿಪಾಠ ಮಾಡಿದ್ದೆ.

"ಹಿತ್ತಾಳಿ ಕೊಡದಾಗ ತುಂಬೀನಿ ನೀರ,
ಕಂಚಿನ ತಾಟಿನ್ಯಾಗ ಬಡಿಸೀನಿ ಸಾರ..."

ಎಂಟು! ಅಲ್ಲಿ ನಿಂತಳು. ಒಂದು ಕ್ಷಣ. ಎರಡು ಕ್ಷಣ. ಗಾಳಿಯ ಸುಯ್ಯೆಂಬ ಸದ್ದು ಮಾತ್ರ. ಮಡಚಿದ ನನ್ನ ಬೆರಳುಗಳು ಮರಗಟ್ಟಿದವು. ದಮ್ಮು ಹತ್ತಿತೇ? ಅಥವಾ ನಾನು ಅಂದು ನಕ್ಕು ಹೇಳಿದಂತೆ, ನಾಚಿಕೆಯೇ? ಭಗವಂತಾ, ಈ ಒಂದು ಸಲ ನಾಚಿಕೆಯೇ ಆಗಿರಲಿ!

ಎರಡೂ ಆಗಿರಲಿಲ್ಲ. ಪ್ರಾಸಕ್ಕೆ ಹೊಸ ಮಾತು ಹುಡುಕುತ್ತಿದ್ದಳು.

"ನಿಜಲಿಂಗಪ್ಪನವರು ಬಾಯಿ ಮುಚ್ಚಿದ್ರ ಉಳದೀತು ಸಂಸಾರ!"

ಹದಿಮೂರು. ನಾನು ಬಾಯಿ ಮುಚ್ಚಿಕೊಂಡೇ ಅತ್ತೆ.